ಆ ಚಿತ್ರದಲ್ಲಿ ಗೋಡೆ ಎಲ್ಲಿ ಹೋಯ್ತು?

ಇವತ್ತಿನ ಎಪಿಸೋಡ್‌ನಲ್ಲಿ ಗ್ರೀಕ್ ಮತ್ತು ರೋಮನ್ ಪುರಾಣದ ಮೂರು ಪ್ರೇಮಕಥೆಗಳಿವೆ. ಮೂರೂ ದುರಂತವೇ. ಸಾವಿನ ಮಾತು, ಜೀವ ತೆಗೆದುಕೊಳ್ಳೋ ಮಾತು ಬರುತ್ತೆ. ಈಗ ಅದನ್ನ ಕೇಳೋ ಮನಸ್ಥಿತಿ ಇಲ್ಲ ಅಂದ್ರೆ ಇನ್ನೊಂದು ದಿನ ಕೇಳಿ, ಪರವಾಗಿಲ್ಲ.

ಈ ಕಥೆಗಳು ಯೂಟ್ಯೂಬಲ್ಲಿ ಹುಡುಕಿದ್ರೆ ಹತ್ತು ನಿಮಿಷಕ್ಕೆ ಸಿಗುತ್ತವೆ. ಹಾಗಾಗಿ ನಾನು ಕಥೆಗಿಂತ ಜಾಸ್ತಿ ಅದರ ಚಿತ್ರದ ಬಗ್ಗೆ ಮಾತಾಡ್ತೀನಿ. ಯುರೋಪಿನಲ್ಲಿ ಮುದ್ರಣ ಶುರುವಾದ ಮೇಲೆ ಈ ಪುರಾಣಗಳು ಪುಸ್ತಕವಾಗಿ ಬಂದವು. ಪುಸ್ತಕದಲ್ಲಿ ಚಿತ್ರ ಇದ್ರೆ ಜನ ಜಾಸ್ತಿ ಕೊಳ್ತಾರೆ ಅನ್ನೋದು ಆಗಿನ ಪ್ರಕಾಶಕರಿಗೂ ಗೊತ್ತಿತ್ತು. ಆದ್ರೆ ಒಂದು ಕಥೆಗೆ ಸಿಗ್ತಿದ್ದದ್ದು ಹೆಚ್ಚಾಗಿ ಒಂದೇ ಚಿತ್ರ. ಎರಡು ಸಿಕ್ಕರೆ ಪುಣ್ಯ.

ಈಗ ನೀವೇ ಯೋಚನೆ ಮಾಡಿ. ಇಬ್ಬರ ಇಡೀ ಪ್ರೀತಿಗೆ ಒಂದೇ ಚಿತ್ರ. ಯಾವ ಕ್ಷಣವನ್ನ ಆರಿಸ್ತೀರಿ? ಮೊದಲು ನೋಡಿದ್ದಾ, ಕದ್ದು ಮಾತಾಡಿದ್ದಾ, ಸತ್ತದ್ದಾ? ಆಗಿನ ಚಿತ್ರಕಾರರು ಏನು ಆರಿಸಿದ್ರು, ಅದರಿಂದ ಯಾರು ಚಿತ್ರದ ಹೊರಗೆ ಉಳಿದ್ರು? ಇದೇ ಇವತ್ತಿನ ವಿಷಯ.

ಮೊದಲನೇ ಕಥೆ, ಪಿರಮಸ್ ಮತ್ತು ಥಿಸ್ಬೆ. ಹೇಳಿದವನು ರೋಮನ್ ಕವಿ ಓವಿಡ್, ಸುಮಾರು 2000 ವರ್ಷದ ಹಿಂದೆ, 'ಮೆಟಮಾರ್ಫೋಸಿಸ್' ಅನ್ನೋ ದೊಡ್ಡ ಕಾವ್ಯದ ನಾಲ್ಕನೇ ಭಾಗದಲ್ಲಿ. ಊರು ಬ್ಯಾಬಿಲೋನ್. ಹುಡುಗ, ಹುಡುಗಿ ಅಕ್ಕಪಕ್ಕದ ಮನೆಯವರು. ಎರಡೂ ಮನೆಗೆ ಸೇರಿ ಒಂದೇ ಗೋಡೆ. ಇಬ್ಬರಿಗೂ ಇಷ್ಟ ಆಗುತ್ತೆ, ಮದುವೆನೂ ಆಗ್ತಿದ್ರು, ಆದ್ರೆ ಅಪ್ಪಂದಿರು ಬೇಡ ಅಂದ್ರು. ಯಾಕೆ ಬೇಡ? ಓವಿಡ್ ಕಾರಣನೇ ಹೇಳಲ್ಲ. ಜಗಳ ಅಂತಿಲ್ಲ, ಅಂತಸ್ತು ಅಂತಿಲ್ಲ. ಬೇಡ ಅಂದ್ರು, ಅಷ್ಟೇ. ಅದು ನನಗಂತೂ ತುಂಬಾ ನಿಜ ಅನ್ನಿಸುತ್ತೆ. ಎಷ್ಟೋ ಮನೆಗಳಲ್ಲಿ 'ಬೇಡ' ಅನ್ನೋದಕ್ಕೆ ಕಾರಣ ಕೊಡೋ ಅಭ್ಯಾಸನೇ ಇಲ್ಲ.

ಆ ಗೋಡೆಯಲ್ಲಿ ಒಂದು ಸಣ್ಣ ಬಿರುಕು. ಕಟ್ಟಿದಾಗಿನಿಂದ ಇತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇವರಿಬ್ಬರಿಗೆ ಕಾಣಿಸ್ತು. ಅದರಲ್ಲೇ ಪಿಸುಮಾತು. ಗೋಡೆಗೆ ಬೈತಾರೆ, ಯಾಕೆ ಅಡ್ಡ ಬಂದೆ ಅಂತ. ಮರುಕ್ಷಣ ಅದೇ ಗೋಡೆಗೆ ಋಣಿ ಅಂತಾರೆ, ಮಾತಾದ್ರೂ ದಾಟೋಕೆ ಬಿಟ್ಟೆಯಲ್ಲ ಅಂತ. ರಾತ್ರಿ ಮಲಗೋ ಮುಂಚೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಗೋಡೆಗೇ ಮುತ್ತು ಕೊಡ್ತಾರೆ.

ಕೊನೆಗೆ ಒಂದು ರಾತ್ರಿ ಊರಾಚೆ ಭೇಟಿ ಆಗೋಣ ಅಂತ ತೀರ್ಮಾನ ಮಾಡ್ತಾರೆ. ಜಾಗ, ನೈನಸ್ ರಾಜನ ಸಮಾಧಿ. ಅಲ್ಲೊಂದು ನೀರಿನ ಬುಗ್ಗೆ, ಪಕ್ಕದಲ್ಲಿ ಬಿಳಿ ಹಣ್ಣಿನ ಹಿಪ್ಪುನೇರಳೆ ಮರ. ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ತಾರಲ್ಲ, ಅದೇ ಕುಟುಂಬದ ಮರ. ಥಿಸ್ಬೆ ಮೊದಲು ಬರ್ತಾಳೆ. ಬೇಟೆಯ ರಕ್ತ ಮೆತ್ತಿದ ಬಾಯಲ್ಲಿ ಒಂದು ಹೆಣ್ಣು ಸಿಂಹ ನೀರು ಕುಡಿಯೋಕೆ ಬರುತ್ತೆ. ಅವಳು ಓಡಿ ಗುಹೆಯಲ್ಲಿ ಅಡಗ್ತಾಳೆ, ಮುಸುಕಿನ ಬಟ್ಟೆ ಬಿದ್ದುಹೋಗುತ್ತೆ. ಸಿಂಹ ಆ ಬಟ್ಟೆಯನ್ನ ಹರಿದು ಹೋಗುತ್ತೆ. ಪಿರಮಸ್ ತಡವಾಗಿ ಬರ್ತಾನೆ, ರಕ್ತದ ಬಟ್ಟೆ ನೋಡ್ತಾನೆ, ಅವಳು ಸತ್ತಳು ಅಂದುಕೊಂಡು ತನ್ನ ಕತ್ತಿಯಿಂದಲೇ ಚುಚ್ಚಿಕೊಳ್ತಾನೆ. ಥಿಸ್ಬೆ ವಾಪಸ್ ಬಂದು ಅವನ ಹೆಸರು ಹಿಡಿದು ಕರೀತಾಳೆ. ಅವನು ಕಣ್ಣು ತೆರೆಯೋದು 'ಥಿಸ್ಬೆ' ಅನ್ನೋ ಹೆಸರು ಕಿವಿಗೆ ಬಿದ್ದಾಗ. ಅವಳನ್ನ ನೋಡಿ ಮತ್ತೆ ಕಣ್ಣು ಮುಚ್ಚುತ್ತಾನೆ. ಅವಳೂ ಅದೇ ಕತ್ತಿಯ ಮೇಲೆ ಬೀಳ್ತಾಳೆ. ಅವರ ರಕ್ತದಿಂದ ಆ ಮರದ ಹಣ್ಣು ಕಪ್ಪಾಯ್ತು ಅಂತ ಕಥೆ. ರೋಮಿಯೋ ಜೂಲಿಯೆಟ್ ನೆನಪಾಯ್ತಾ? ಆ ತರದ ಕಥೆಗಳಿಗೆಲ್ಲ ಇದು ಅಜ್ಜಿ ಇದ್ದ ಹಾಗೆ.

ಸರಿ, ಈಗ ಚಿತ್ರಕ್ಕೆ ಬರೋಣ.

1473ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ಯೊಹಾನ್ ತ್ಸೈನರ್ ಅನ್ನೋ ಮುದ್ರಕ ಒಂದು ಪುಸ್ತಕ ಅಚ್ಚು ಹಾಕಿದ. ಇಟಲಿಯ ಬೊಕಾಚಿಯೊ ಬರೆದ, ಹೆಸರಾಂತ ಹೆಂಗಸರ ಜೀವನಕಥೆಗಳ ಪುಸ್ತಕ. ಅದರಲ್ಲಿ ಥಿಸ್ಬೆಯ ಕಥೆಯೂ ಇದೆ, ಚಿತ್ರವೂ ಇದೆ. ಬಿದ್ದಿರೋ ಪಿರಮಸ್, ಅವನ ಮೇಲೆ ಕತ್ತಿಗೆ ಎದೆ ಕೊಡ್ತಿರೋ ಥಿಸ್ಬೆ. ಮುಂದಿನ ನೂರಾರು ವರ್ಷದಲ್ಲಿ ಬಂದ ಪುಸ್ತಕಗಳನ್ನ ನೋಡ್ತಾ ಹೋಗಿ. ಮರ, ಬುಗ್ಗೆ, ಕತ್ತಿ, ದೂರದಲ್ಲೊಂದು ಸಿಂಹ, ಎರಡು ದೇಹ. ಮತ್ತೆ ಮತ್ತೆ ಇದೇ.

ಇವುಗಳಲ್ಲಿ ದೊಡ್ಡ ಹೆಸರು 1557ರ ಒಂದು ಫ್ರೆಂಚ್ ಪುಸ್ತಕದ್ದು. ಲಿಯೋನ್ ನಗರದಲ್ಲಿ ಜಾನ್ ದ ತೂರ್ನ್ ಪ್ರಕಟಿಸಿದ್ದು, ಚಿತ್ರ ಬೆರ್ನಾರ್ ಸಾಲೊಮೊನ್ ಅವರದ್ದು. ಓವಿಡ್‌ನ ಕಥೆಗಳಿಗೆ 178 ಚಿತ್ರ. ಪ್ರತಿ ಪುಟಕ್ಕೂ ಒಂದು ತಲೆಬರಹ, ಅದರ ಕೆಳಗೆ ಅಂಗೈಗಿಂತ ಚಿಕ್ಕ ಒಂದು ಚಿತ್ರ, ಅದರ ಕೆಳಗೆ ಎಂಟು ಸಾಲಿನ ಪದ್ಯ. ಒಂದು ಸ್ಕ್ರೀನಿಗೆ ಒಂದು ಪೋಸ್ಟ್, ಅದಕ್ಕೊಂದು ಕ್ಯಾಪ್ಶನ್ ಅಂತ ಅಂದುಕೊಳ್ಳಿ. 1563ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಇನ್ನೊಂದು ಓವಿಡ್ ಬಂತು. ಚಿತ್ರ ವರ್ಜಿಲ್ ಸೋಲಿಸ್ ಅವರದ್ದು. ಅದರಲ್ಲೂ 178. ಯಾಕಂದ್ರೆ ಸಾಲೊಮೊನ್ ಚಿತ್ರಗಳನ್ನೇ ನೋಡಿ ಮಾಡಿದ್ದು. ಎಷ್ಟೋ ಚಿತ್ರಗಳು ಕನ್ನಡಿಯಲ್ಲಿ ನೋಡಿದ ಹಾಗೆ ಎಡ ಬಲ ತಿರುಗಿವೆ. ಅಚ್ಚಾದ ಚಿತ್ರವನ್ನ ಇದ್ದ ಹಾಗೇ ಮರದ ಹಲಗೆ ಮೇಲೆ ಕೆತ್ತಿ, ಮಸಿ ಹಚ್ಚಿ ಒತ್ತಿದ್ರೆ ಅದು ಉಲ್ಟಾ ಬರುತ್ತೆ. ರಬ್ಬರ್ ಸ್ಟಾಂಪ್ ಇದ್ದ ಹಾಗೆ. ಆ ತಿರುವೇ ನಕಲಿನ ಸಾಕ್ಷಿ.

ನಾನು ಓದಿದ್ದು ಬಿ.ಕಾಂ, ಆದ್ದರಿಂದ ನನ್ನ ತಲೆ ಮೊದಲು ಲೆಕ್ಕಕ್ಕೆ ಹೋಗುತ್ತೆ. ಒಂದು ಚಿತ್ರಕ್ಕೆ ಎಷ್ಟು ಜನ ಬೇಕು ನೋಡಿ. ಬರೆಯೋನು ಒಬ್ಬ. ಅದನ್ನ ಗಟ್ಟಿ ಮರದಲ್ಲಿ ಕೆತ್ತೋನು ಇನ್ನೊಬ್ಬ. ಗೆರೆ ಉಳಿಸಿ ಸುತ್ತಲಿನ ಮರವನ್ನೆಲ್ಲ ತೆಗೀಬೇಕು, ಕೂದಲೆಳೆ ತಪ್ಪಿದ್ರೂ ಹಲಗೆ ಹಾಳು. ಆದ್ರೆ ಒಮ್ಮೆ ಕೆತ್ತಿದ ಮೇಲೆ ಅದು ಆಸ್ತಿ. ಅಕ್ಷರದ ಮೊಳೆಗಳ ಜೊತೆಗೇ ಜೋಡಿಸಿ, ಒಂದೇ ಯಂತ್ರದಲ್ಲಿ, ಒಂದೇ ಮಸಿಯಲ್ಲಿ ಅಚ್ಚು ಹಾಕಬಹುದು. ಇನ್ನೊಂದು ಪುಸ್ತಕಕ್ಕೆ ಬಳಸಬಹುದು, ಮಾರಬಹುದು, ಮಕ್ಕಳಿಗೆ ಬಿಟ್ಟು ಹೋಗಬಹುದು. ಹೊಸದಾಗಿ ಯೋಚನೆ ಮಾಡಿ ಬರೆಸೋದಕ್ಕಿಂತ, ಜನ ಆಗಲೇ ಮೆಚ್ಚಿದ ಚಿತ್ರವನ್ನ ನಕಲು ಮಾಡಿಸೋದು ಅಗ್ಗ. ರಿಸ್ಕೂ ಕಮ್ಮಿ.

ಇನ್ನೊಂದು ವಿಷಯ. ಗೋಡೆಯ ಎರಡು ಪಕ್ಕ ಇಬ್ಬರು ನಿಂತಿರೋ ಚಿತ್ರ ಹಾಕಿದ್ರೆ, ಅವರು ಯಾರು ಬೇಕಾದ್ರೂ ಆಗಬಹುದು. ಸಿಂಹ, ಕತ್ತಿ, ಬುಗ್ಗೆ, ಎರಡು ದೇಹ ಹಾಕಿದ್ರೆ? ಪುಟ ತಿರುಗಿಸ್ತಾ ಇರೋನಿಗೂ ಅರೆಗಳಿಗೆಯಲ್ಲಿ ಗೊತ್ತಾಗುತ್ತೆ, ಓ, ಪಿರಮಸ್ ಥಿಸ್ಬೆ. ಇದು ಥಂಬ್‌ನೇಲ್ ಲೆಕ್ಕಾಚಾರ. ವಿಡಿಯೋ ಮಾಡೋರಿಗೆ ಚೆನ್ನಾಗಿ ಗೊತ್ತು, ಇಪ್ಪತ್ತು ನಿಮಿಷದ ವಿಡಿಯೋದಲ್ಲಿ ಕಣ್ಣೀರು ಒಂದೇ ಸೆಕೆಂಡ್ ಇದ್ರೂ ಥಂಬ್‌ನೇಲಿಗೆ ಹೋಗೋದು ಆ ಕಣ್ಣೀರೇ.

ಹೀಗಾಗಿ ಏನಾಯ್ತು? ತಿಂಗಳುಗಟ್ಟಲೆ ನಡೆದ ಪಿಸುಮಾತು ಚಿತ್ರದಲ್ಲಿಲ್ಲ. ಬಿರುಕು ಇಲ್ಲ. ಗೋಡೆನೇ ಇಲ್ಲ. ಬೇಡ ಅಂದ ಅಪ್ಪಂದಿರಂತೂ ಇಲ್ಲವೇ ಇಲ್ಲ. ಅಪರಾಧಿ ಸ್ಥಾನದಲ್ಲಿ ಯಾರಿದ್ದಾರೆ? ಒಂದು ಸಿಂಹ. ಪಾಪ, ಅದು ನೀರು ಕುಡಿಯೋಕೆ ಬಂದಿತ್ತು.

ಇದು ನನ್ನ ಇವತ್ತಿನ ತಕರಾರು. ಬರೆದವರು ಅಪ್ಪಂದಿರನ್ನ ಮರೆತಿರಲಿಲ್ಲ. ಓವಿಡ್‌ನ ಥಿಸ್ಬೆ ಸಾಯೋ ಮುಂಚೆ ಮಾತಾಡೋದು ಯಾರ ಹತ್ರ ಗೊತ್ತಾ? ಇಬ್ಬರ ಅಪ್ಪಂದಿರನ್ನೂ ಕರೆದು ಕೇಳ್ತಾಳೆ, ಬದುಕಿದ್ದಾಗ ಸೇರಿಸಲಿಲ್ಲ, ಒಂದೇ ಸಮಾಧಿಯಲ್ಲಾದ್ರೂ ಇರೋಕೆ ಬಿಡಿ ಅಂತ. ಕೊನೆಗೆ ಇಬ್ಬರ ಬೂದಿಯನ್ನೂ ಒಂದೇ ಪಾತ್ರೆಯಲ್ಲಿ ಇಡ್ತಾರೆ. ಬೊಕಾಚಿಯೊ ಇನ್ನೂ ನೇರ. ವಯಸ್ಸಿನ ಮಕ್ಕಳ ಪ್ರೀತಿ ಅಂಥ ದೊಡ್ಡ ಅಪರಾಧ ಅಲ್ಲ, ಇವರಿಗೆ ಮದುವೆ ಮಾಡಬಹುದಿತ್ತು, ತಪ್ಪು ವಿಧಿಯದ್ದು, ಬಹುಶಃ ಹೆತ್ತವರದ್ದೂ ಹೌದು ಅನ್ನೋ ಅರ್ಥದಲ್ಲಿ ಬರೀತಾನೆ. ಮಕ್ಕಳ ಆಸೆಗೆ ಮೆಲ್ಲಗೆ ಕಡಿವಾಣ ಹಾಕಬೇಕು, ಒಮ್ಮೆಲೇ ಅಡ್ಡ ನಿಂತ್ರೆ ಹತಾಶೆಗೆ ತಳ್ಳಿದ ಹಾಗೆ ಅಂತಾನೆ. 14ನೇ ಶತಮಾನದ ಮಾತು ಇದು! ಪಠ್ಯ ಹೆತ್ತವರ ಕಡೆ ಬೆರಳು ತೋರಿಸ್ತಿದೆ. ಪಕ್ಕದ ಚಿತ್ರ ಸಿಂಹದ ಕಡೆ ತೋರಿಸ್ತಿದೆ. ಓದೋಕೆ ಬರದವರು ಆ ಪುಸ್ತಕದಿಂದ ತಗೊಂಡು ಹೋದದ್ದು ಚಿತ್ರವನ್ನ ಮಾತ್ರ.

ಗೋಡೆಯನ್ನ ಯಾರೂ ತೋರಿಸಲೇ ಇಲ್ಲ ಅಂತಲ್ಲ. ಶೇಕ್ಸ್‌ಪಿಯರ್ 1590ರ ದಶಕದಲ್ಲಿ ಬರೆದ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ನಾಟಕದಲ್ಲಿ ನೇಕಾರ, ಬಡಗಿ ಇಂಥ ಕಸುಬಿನವರು ಸೇರಿ ಇದೇ ಕಥೆಯನ್ನ ನಾಟಕ ಆಡ್ತಾರೆ. ಅದರಲ್ಲಿ ಒಬ್ಬ ಮೈಗೆ ಗಾರೆ ಮೆತ್ತಿಕೊಂಡು ಗೋಡೆಯ ಪಾರ್ಟು ಮಾಡ್ತಾನೆ, ಎರಡು ಬೆರಳು ಅಗಲ ಮಾಡಿ ಇದೇ ಬಿರುಕು ಅಂತಾನೆ. ನಗು ತರಿಸೋ ದೃಶ್ಯ. ಆದ್ರೆ ಕೊನೆಯಲ್ಲಿ ನೇಕಾರ ಒಂದು ಮಾತು ಸೇರಿಸ್ತಾನೆ, ಅಪ್ಪಂದಿರ ನಡುವೆ ಇದ್ದ ಗೋಡೆ ಈಗ ಬಿದ್ದಿದೆ ಅನ್ನೋ ಅರ್ಥದ್ದು. ಗಮನಿಸಿ, ಅಪ್ಪಂದಿರ ನಡುವೆ. ಮಕ್ಕಳ ನಡುವೆ ಅಲ್ಲ. ಹಾಗೇ 1909ರಲ್ಲಿ ವಾಟರ್‌ಹೌಸ್ ಅನ್ನೋ ಇಂಗ್ಲಿಷ್ ಕಲಾವಿದ ಥಿಸ್ಬೆಯ ಒಂದು ಪೇಂಟಿಂಗ್ ಮಾಡಿದ. ಅದರಲ್ಲಿ ಅವಳು ಗೋಡೆಗೆ ಕಿವಿ ಕೊಟ್ಟು ನಿಂತಿದ್ದಾಳೆ, ಅಷ್ಟೇ. ಕತ್ತಿ ಇಲ್ಲ, ಸಿಂಹ ಇಲ್ಲ. ಕೇಳಿಸ್ಕೊಳ್ತಾ ಇರೋ ಒಬ್ಬ ಹುಡುಗಿ. ನನ್ನ ಕೇಳಿದ್ರೆ ಆ ಪ್ರೀತಿಯ ಚಿತ್ರ ಅಂದ್ರೆ ಅದು.

ಎರಡನೇ ಕಥೆ ಚಿಕ್ಕದು. ಇದಕ್ಕೆ ಒಂದಲ್ಲ, ಎರಡು ಚಿತ್ರ ಸಿಕ್ಕಿತು.

ಹೀರೋ ಮತ್ತು ಲಿಯಾಂಡರ್. ಇಲ್ಲಿ ಹೀರೋ ಅನ್ನೋದು ಹುಡುಗಿಯ ಹೆಸರು. ಇವತ್ತಿನ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಯ ಒಂದು ದಡದಲ್ಲಿ ಸೆಸ್ಟೋಸ್, ಇನ್ನೊಂದು ದಡದಲ್ಲಿ ಅಬೈಡೋಸ್. ಅವಳು ಇತ್ತ, ಅವನು ಅತ್ತ. ಅವಳು ರಾತ್ರಿ ಗೋಪುರದಲ್ಲಿ ದೀಪ ಹಚ್ಚಿಡ್ತಾಳೆ, ಅವನು ಆ ಬೆಳಕು ನೋಡ್ಕೊಂಡು ಸಮುದ್ರ ಈಜಿ ಬರ್ತಾನೆ. ಕವಿ ಬೈರನ್ 1810ರಲ್ಲಿ, ಇದು ಆಗೋ ಕೆಲಸವಾ ನೋಡೋಣ ಅಂತ, ಅದೇ ಜಾಗದಲ್ಲಿ ಈಜಿ ದಾಟಿದ. ಒಂದು ಗಂಟೆ ಹತ್ತು ನಿಮಿಷ ಹಿಡೀತು. ಲಿಯಾಂಡರ್ ಇದನ್ನ ಬೇಸಿಗೆಯುದ್ದಕ್ಕೂ ಮಾಡ್ತಾನೆ. ಚಳಿಗಾಲ ಬರುತ್ತೆ, ಬಿರುಗಾಳಿಗೆ ದೀಪ ಆರುತ್ತೆ, ಅವನು ಮುಳುಗ್ತಾನೆ. ಬೆಳಿಗ್ಗೆ ದಡದಲ್ಲಿ ಅವನ ದೇಹ ನೋಡಿ ಅವಳು ಗೋಪುರದಿಂದ ಬೀಳ್ತಾಳೆ.

ಇದನ್ನ ಗ್ರೀಕ್ ಭಾಷೆಯಲ್ಲಿ ಕಾವ್ಯವಾಗಿ ಬರೆದವನು ಮ್ಯೂಸಿಯಸ್. 1490ರ ದಶಕದಲ್ಲಿ ವೆನಿಸ್‌ನ ಪ್ರಸಿದ್ಧ ಮುದ್ರಕ ಆಲ್ಡಸ್ ಮನುಟಿಯಸ್ ಅದನ್ನ ಗ್ರೀಕ್ ಮತ್ತು ಲ್ಯಾಟಿನ್ ಎರಡರಲ್ಲೂ ಒಟ್ಟಿಗೆ ಅಚ್ಚು ಹಾಕಿದ. ಆಲ್ಡಸ್ ಪುಸ್ತಕಗಳಲ್ಲಿ ಚಿತ್ರ ಇರೋದೇ ಅಪರೂಪ. ಇದರಲ್ಲಿ ಎರಡು ಇವೆ. ಮೊದಲನೆಯದರಲ್ಲಿ ಲಿಯಾಂಡರ್ ಈಜ್ತಿದ್ದಾನೆ. ಎರಡನೆಯದರಲ್ಲಿ ಸತ್ತ ಲಿಯಾಂಡರ್, ಗೋಪುರದಿಂದ ಬೀಳ್ತಿರೋ ಹೀರೋ.

ಒಂದು ಚಿತ್ರ ಜಾಸ್ತಿ ಆದದ್ದಕ್ಕೆ ಎಷ್ಟು ವ್ಯತ್ಯಾಸ ನೋಡಿ. ಮೊದಲ ಚಿತ್ರದಲ್ಲಿ ಪ್ರೀತಿ ಅಂದ್ರೆ ಒಂದು ಕೆಲಸ. ಒಬ್ಬ ಕೈ ಬೀಸಿ ನೀರು ಸೀಳಬೇಕು, ಒಬ್ಬಳು ಕಾಯಬೇಕು. ಸಾವು ಆಮೇಲಿನ ಮಾತು. ಇನ್ನೊಂದು ಮುಖ್ಯ ವಿಷಯ, ಗೋಪುರ ಕಣ್ಣೆದುರಿಗಿದೆ. ಅವಳು ಆ ಗೋಪುರದಲ್ಲಿ ಯಾಕಿದ್ದಾಳೆ? ಮ್ಯೂಸಿಯಸ್ ಹೇಳ್ತಾನೆ, ಹೆತ್ತವರು ಇಟ್ಟದ್ದು. ಒಬ್ಬ ದಾಸಿಯ ಜೊತೆ, ಊರಿನಿಂದ ದೂರ, ಸಮುದ್ರದ ಅಂಚಿಗೆ. ಅವರ ಮದುವೆಯ ರಾತ್ರಿ ಹಾಡಿಲ್ಲ, ಹರಸೋಕೆ ಅಪ್ಪ ಅಮ್ಮ ಇಲ್ಲ. ಅಂದ್ರೆ ಇಲ್ಲೂ ಗೋಡೆ ಇದೆ. ಆದ್ರೆ ಈ ಪುಸ್ತಕದಲ್ಲಿ ಅದು ಚಿತ್ರದ ಒಳಗೆ ಬಂದಿದೆ. ಬ್ಯಾಕ್‌ಗ್ರೌಂಡ್ ಅಂತ ದಾಟಿಸಬೇಡಿ, ಆ ಕಲ್ಲಿನ ಕಟ್ಟಡವೇ ಕಥೆಯ ಕಾರಣ.

ಮೂರನೇ ಕಥೆಗೆ ಕಾಲ ದಾಟಿ 1931ಕ್ಕೆ ಹೋಗೋಣ, ಸ್ವಿಟ್ಜರ್ಲೆಂಡ್‌ನ ಲೌಸಾನ್ ನಗರಕ್ಕೆ. ಆಲ್ಬರ್ಟ್ ಸ್ಕೀರಾ ಅನ್ನೋ ಹುಡುಗನಿಗೆ ಪ್ರಕಾಶಕ ಆಗೋ ಆಸೆ. ವಯಸ್ಸು 27. ಮೊದಲ ಪುಸ್ತಕಕ್ಕೇ ಪಿಕಾಸೋನನ್ನ ಹಿಡೀತಾನೆ. ಪುಸ್ತಕ ಮತ್ತದೇ ಓವಿಡ್‌ನ 'ಮೆಟಮಾರ್ಫೋಸಿಸ್'. ಚಿತ್ರಗಳು 30, ತಾಮ್ರದ ತಗಡಿನ ಮೇಲೆ ಗೀರಿ ಮಾಡಿದ ಎಚಿಂಗ್. ಪ್ರತಿಗಳು 145 ಮಾತ್ರ. ಚಿತ್ರಗಳಲ್ಲಿ ಇರೋದು ಸಪೂರ ಗೆರೆ ಅಷ್ಟೇ. ನೆರಳು ತುಂಬಿಲ್ಲ, ಮರ ಬೆಟ್ಟ ಅಂತ ಹಿನ್ನೆಲೆ ಕಟ್ಟಿಲ್ಲ. ಬರೀ ದೇಹಗಳು.

ಅದರಲ್ಲಿ ಒಂದು ಚಿತ್ರ, ಸೆಫಾಲಸ್ ತಿಳಿಯದೆ ತನ್ನ ಹೆಂಡತಿ ಪ್ರೋಕ್ರಿಸ್‌ಳನ್ನ ಕೊಲ್ಲೋದು. ಕಥೆ ಹೀಗೆ. ಗಂಡ ಹೆಂಡತಿಗೆ ಪ್ರೀತಿ ಇದೆ. ಅವನ ಹತ್ರ ಗುರಿ ತಪ್ಪದ ಒಂದು ಈಟಿ ಇದೆ, ಅವಳೇ ಕೊಟ್ಟದ್ದು. ದಿನಾ ಬೇಟೆಗೆ ಹೋಗ್ತಾನೆ, ದಣಿದಾಗ ನೆರಳಲ್ಲಿ ಮಲಗಿ ತಂಗಾಳಿಯನ್ನ ಕರೀತಾನೆ, ಬಾ, ನನ್ನ ಎದೆ ತಣ್ಣಗೆ ಮಾಡು ಅಂತ. ತಂಗಾಳಿಗೆ ಆ ಭಾಷೆಯಲ್ಲಿ 'ಔರಾ' ಅಂತಾರೆ. ಯಾರೋ ಅದನ್ನ ಕೇಳಿಸ್ಕೊಳ್ತಾರೆ. ಔರಾ ಅನ್ನೋದು ಒಬ್ಬ ಹುಡುಗಿ ಅಂದುಕೊಂಡು ಹೋಗಿ ಹೆಂಡತಿಯ ಕಿವಿಗೆ ಊದುತ್ತಾರೆ. ಅವಳು ಪೂರ್ತಿ ನಂಬಲ್ಲ. ಕಣ್ಣಾರೆ ನೋಡಿ ತಿಳ್ಕೊಳ್ಳೋಣ ಅಂತ ಪೊದೆಯಲ್ಲಿ ಅಡಗಿ ಕೂರ್ತಾಳೆ. ಎಲೆ ಸದ್ದಾಗುತ್ತೆ. ಪ್ರಾಣಿ ಅಂದುಕೊಂಡು ಅವನು ಈಟಿ ಎಸೀತಾನೆ. ಈಟಿ ಗುರಿ ತಪ್ಪಲ್ಲ. ಸಾಯ್ತಾ ಅವಳು ಕೇಳೋದು ಒಂದೇ, ನನ್ನ ಜಾಗಕ್ಕೆ ಆ ಔರಾ ಬರಬಾರದು ಅಂತ. ಆಗ ಅವನಿಗೆ ಅರ್ಥ ಆಗುತ್ತೆ. ಅದು ಗಾಳಿ ಕಣೇ ಅಂತ ಹೇಳ್ತಾನೆ. ಅವಳ ಮುಖ ಸ್ವಲ್ಪ ಹಗುರಾಗುತ್ತೆ, ಅಷ್ಟೇ.

ಇಲ್ಲಿ ಅಪ್ಪ ಅಮ್ಮನ ಗೋಡೆ ಇಲ್ಲ. ಆದ್ರೂ ಚಿತ್ರದ ಹೊರಗೆ ಒಬ್ಬರಿದ್ದಾರೆ. ಕಿವಿಗೆ ಊದಿದವರು. ಓವಿಡ್‌ಗೂ ಅವರ ಹೆಸರು ಇಲ್ಲ, 'ಯಾರೋ' ಅಷ್ಟೇ. ಚಿತ್ರದಲ್ಲಿ ಉಳಿಯೋದು ಕೊಂದವನು ಮತ್ತು ಸತ್ತವಳು. ಬರೀ ಗೆರೆಯಲ್ಲಿ ಎರಡು ದೇಹ ಬರೆಯಬಹುದು, ಆದ್ರೆ ಸಂಶಯವನ್ನ ಹೇಗೆ ಬರೀತೀರಿ? ಅರ್ಧ ಕೇಳಿಸಿಕೊಂಡ ಒಂದು ಪದವನ್ನ ಹೇಗೆ ಬರೀತೀರಿ? ಒಂದು ಸ್ಕ್ರೀನ್‌ಶಾಟ್, ಅದರ ಹಿಂದು ಮುಂದು ಇಲ್ಲದೆ, ಯಾರೋ ಫಾರ್ವರ್ಡ್ ಮಾಡಿದ್ದು. ಅದೇ ಈ ಕಾಲದ ಔರಾ.

ಇಷ್ಟೆಲ್ಲ ಈಗ ಯಾಕೆ ಹೇಳಿದೆ? ನಾವು ಪುಸ್ತಕಕ್ಕಿಂತ ಚಿತ್ರವನ್ನೇ ಜಾಸ್ತಿ ನೋಡೋ ಕಾಲದಲ್ಲಿದ್ದೀವಿ. ಪ್ರೇಮಿಗಳಿಬ್ಬರ ಸಾವಿನ ಸುದ್ದಿ ಬಂದಾಗ ನಮ್ಮ ಫೋನಿಗೆ ಏನು ಬರುತ್ತೆ? ಇಬ್ಬರ ಒಂದು ಸೆಲ್ಫಿ, ಕೆಂಪು ಅಕ್ಷರ, ಒಡೆದ ಹೃದಯದ ಎಮೋಜಿ, ಹಿಂದೆ ಒಂದು ದುಃಖದ ಹಾಡು. ಕೆಳಗೆ 'ಸಾವಲ್ಲೂ ಒಂದಾದ ಜೋಡಿ' ಅನ್ನೋ ತರದ ಕಮೆಂಟು. 1473ರ ಚಿತ್ರವೇ ಅದು. ದೇಹಗಳಿವೆ, ಗೋಡೆ ಇಲ್ಲ. ಬೇಡ ಅಂದವರು ಯಾರು, ಯಾಕೆ ಬೇಡ ಅಂದ್ರು, ಬೆದರಿಸಿದವರು ಯಾರು, ಕಿವಿಗೆ ಊದಿದವರು ಯಾರು, ಆ ಇಬ್ಬರು ಸಹಾಯ ಕೇಳಿ ಎಲ್ಲೆಲ್ಲಿ ಬಾಗಿಲು ತಟ್ಟಿದ್ರು, ಇದ್ಯಾವುದೂ ಫ್ರೇಮಿನಲ್ಲಿಲ್ಲ. ಅದರಿಂದ ಎರಡು ಅನ್ಯಾಯ ಆಗುತ್ತೆ. ಸತ್ತವರ ಜೀವನ ಕೊನೆಯ ಒಂದು ಕ್ಷಣಕ್ಕೆ ಕುಗ್ಗಿ ಹೋಗುತ್ತೆ. ಮತ್ತೆ, ನೋಡ್ತಾ ಇರೋ ಹದಿನೆಂಟು ವರ್ಷದ ಇನ್ನೊಬ್ಬರಿಗೆ, ನಿಜವಾದ ಪ್ರೀತಿ ಅಂದ್ರೆ ಅದೇ ಕೊನೆಯ ಕ್ಷಣ ಅಂತ ಅನ್ನಿಸೋಕೆ ಶುರುವಾಗುತ್ತೆ. ಅಲ್ಲ. ಪಿರಮಸ್ ಥಿಸ್ಬೆಯ ಪ್ರೀತಿ ಇದ್ದದ್ದು ಆ ಬಿರುಕಿನ ಹತ್ರ. ಕತ್ತಿಯ ಹತ್ರ ಇದ್ದದ್ದು ಒಂದು ತಪ್ಪು ತಿಳಿವಳಿಕೆ. ಅವನು ಇನ್ನು ಐದು ನಿಮಿಷ ಕಾದಿದ್ರೆ ಅವಳು ಗುಹೆಯಿಂದ ನಡೆದು ಬರ್ತಿದ್ದಳು. ಈ ಒಂದು ಮಾತನ್ನ ಮಾತ್ರ ನೆನಪಿಟ್ಟುಕೊಳ್ಳಿ.

ಹಾಗಾಗಿ ಒಂದು ಸಣ್ಣ ಅಭ್ಯಾಸ ಮಾಡಿಕೊಳ್ಳೋಣ. ದುರಂತ ಪ್ರೇಮದ ಚಿತ್ರ ಕಂಡಾಗ, ಅದು 500 ವರ್ಷ ಹಳೇ ಪುಸ್ತಕದ್ದಾಗಿರಲಿ, ಇವತ್ತು ಬೆಳಿಗ್ಗೆ ಬಂದ ರೀಲ್ ಆಗಿರಲಿ, ಒಂದು ಪ್ರಶ್ನೆ ಕೇಳಿ. ಈ ಚಿತ್ರದಲ್ಲಿ ಯಾರು ಇಲ್ಲ? ಫಾರ್ವರ್ಡ್ ಮಾಡೋಕೆ ಮುಂಚೆ ಕೇಳಿ.

ಹಳೇ ಚಿತ್ರಗಳನ್ನ ನೋಡೋ ಆಸೆ ಇದ್ರೆ, ಯುರೋಪಿನ ದೊಡ್ಡ ಗ್ರಂಥಾಲಯಗಳು ಓವಿಡ್‌ನ ಹಳೇ ಮುದ್ರಣಗಳನ್ನ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿವೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ 'ಗ್ಯಾಲಿಕಾ'ದಿಂದ ಶುರು ಮಾಡಿ. ಭಾಷೆ ಬರಬೇಕಿಲ್ಲ. ಸಿಂಹ ಕಂಡ್ರೆ ಗೊತ್ತಾಗುತ್ತೆ ಯಾವ ಕಥೆ ಅಂತ.

ಕೊನೆಯದಾಗಿ, ಇದನ್ನ ಕೇಳ್ತಿರೋ ಯಾರಾದ್ರೂ ಈಗ ಅಂಥ ಗೋಡೆಯ ಮುಂದೆ ನಿಂತಿದ್ರೆ, ಮನಸ್ಸಿಗೆ ಸಾಯೋ ಯೋಚನೆ ಬರ್ತಿದ್ರೆ, ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಸ್ನೇಹಿತರು ಹಾಗಿದ್ರೆ ಅವರ ಪಕ್ಕ ಕೂತು ನೀವೇ ಡಯಲ್ ಮಾಡಿ ಕೊಡಿ.

ಮುಂದಿನ ವಾರ ಮತ್ತೆ ಸಿಗೋಣ. ಅಲ್ಲಿವರೆಗೂ ಹುಷಾರಾಗಿರಿ. ನಮಸ್ಕಾರ.